ಹಳೇ ಟ್ರ್ಯಾಕ್ಟರ್: ಬ್ಯಾಟರಿಯಲ್ಲಿ 13.9 ವೋಲ್ಟ್ ಇದ್ದರೂ ಹೆಡ್‌ಲೈಟ್ ಮಂಕು

ಪ್ರಶ್ನೆ:
12 ವೋಲ್ಟಿನ ಹಳೇ ಗಾಡಿ, ಬ್ಯಾಟರಿ ಚಾರ್ಜ್ ಮಾಡುತ್ತಿದ್ದ ಡೈನಮೋ ತೆಗೆದು ಅದರ ಬದಲು ಆಲ್ಟರ್ನೇಟರ್ ಕೂರಿಸಿದೆ. ಲೈಟ್ ಹಾಕಿ ಇಂಜಿನ್ ರೇಸ್ ಮಾಡಿದರೆ ಬ್ಯಾಟರಿಯಲ್ಲಿ 13.9 ವೋಲ್ಟ್. ಆದರೂ ಹೆಡ್‌ಲೈಟ್ ಹಳದಿ. ಎಡಗಡೆಯದು ಇನ್ನೂ ಮಂಕು, ಇಂಡಿಕೇಟರ್ ಹಾಕಿದರೆ ಅದರ ಜೊತೆಗೇ ಮಿಣುಕುತ್ತದೆ. ಸ್ವಿಚ್ಚು ಹತ್ತೇ ನಿಮಿಷಕ್ಕೆ ಬಿಸಿ. ಬಲ್ಬ್ ಹೊಸದು, 60/55 ವ್ಯಾಟ್. ಬ್ಯಾಟರಿ ಬದಲಿಸಬೇಕಾ?

ಉತ್ತರ 1:
ಬೇಡ. ಲೈಟ್ ಹಾಕಿಯೂ 13.9 ನಿಂತಿದೆ ಎಂದರೆ ಚಾರ್ಜಿಂಗ್ ಸರಿಯಿದೆ. ಬ್ಯಾಟರಿಯಿಂದ ಬಲ್ಬಿಗೆ ಹೋಗುವ ದಾರಿಯಲ್ಲಿ ಎಲ್ಲೋ ವೋಲ್ಟೇಜ್ ಇಳಿಯುತ್ತಿದೆ.

ಲೈಟ್ ಉರಿಯುತ್ತಿರುವಾಗಲೇ ಅಳೆಯಿರಿ. ಬಲ್ಬ್ ಕಳಚಿ ಅಳೆದರೆ ಕರೆಂಟ್ ಹರಿಯುವುದಿಲ್ಲ, ಕಿಲುಬು ಹಿಡಿದ ವೈರೂ ಪೂರ್ತಿ ವೋಲ್ಟೇಜ್ ತೋರಿಸುತ್ತದೆ. ಬೀಪ್ ಪರೀಕ್ಷೆಯೂ ದಂಡ, ಒಂದೇ ಎಳೆ ಉಳಿದಿದ್ದರೂ ಮೀಟರ್ ಕೂಗುತ್ತದೆ.

ಮೀಟರಿನ ಒಂದು ತುದಿ ಬ್ಯಾಟರಿ ಮೈನಸ್ಸಿಗೆ (ಕ್ಲ್ಯಾಂಪಿಗಲ್ಲ, ಸೀಸದ ಕಂಬಕ್ಕೇ), ಇನ್ನೊಂದು ಎಡ ಬಲ್ಬಿನ ಅರ್ತ್ ಪಿನ್ನಿಗೆ (ಕರೆಂಟ್ ಗಾಡಿಯ ತಗಡಿನ ಮೂಲಕ ಬ್ಯಾಟರಿ ಮೈನಸ್ಸಿಗೆ ಮರಳುವ ದಾರಿಯೇ ಅರ್ತ್). 0.2 ವೋಲ್ಟ್ ದಾಟಿದರೆ ಅರ್ತ್ ಕೆಟ್ಟಿದೆ. ಇಂಡಿಕೇಟರ್ ಜೊತೆ ಮಿಣುಕುವುದು ನೋಡಿದರೆ ಎರಡಕ್ಕೂ ಅದೇ ಕೆಟ್ಟ ಅರ್ತ್ ಇರಬೇಕು, ಅನುಮಾನ ಅಲ್ಲಿಯೇ. ಹೀಗೇ ಪ್ಲಸ್ ಕಂಬದಿಂದ ಬಲ್ಬಿನ ಪ್ಲಸ್ ಪಿನ್ನಿಗೂ ನೋಡಿ, 0.5ರ ಒಳಗಿರಬೇಕು.

ಪ್ರಶ್ನೆ ಕೇಳಿದವರು:
ಅರ್ತ್ ಕಡೆ 1.3, ಪ್ಲಸ್ ಕಡೆ 1.9. ಅದರಲ್ಲಿ ಸ್ವಿಚ್ಚಿನ ಎರಡು ಟರ್ಮಿನಲ್ ನಡುವೆಯೇ 1.2.

ಉತ್ತರ 2:
ಹಾಗಾದರೆ ಎಡ ಬಲ್ಬಿಗೆ ಸಿಗುತ್ತಿರುವುದು 10.7 ಮಾತ್ರ. ಫಿಲಮೆಂಟ್ ಬಲ್ಬಿಗೆ ವೋಲ್ಟೇಜ್ ಶೇ. 10 ಇಳಿದರೆ ಬೆಳಕು ಸುಮಾರು ಶೇ. 30 ಇಳಿಯುತ್ತದೆ.

ಮೊದಲು ಅರ್ತ್. ಲೈಟಿನ ಬೋಲ್ಟ್ ಬಿಚ್ಚಿ, ವಾಷರ್ ಕೂರುವ ಜಾಗದ ಪೇಂಟ್, ತುಕ್ಕು ಎರಡನ್ನೂ ಎಮರಿ ಹಾಳೆಯಿಂದ ಹೊಳೆಯುವಂತೆ ಉಜ್ಜಿ. ಅಷ್ಟಕ್ಕೇ ಬಿಡಬೇಡಿ, ತಗಡನ್ನು ನಂಬಬಾರದು. ಎರಡೂ ಲೈಟಿನಿಂದ 2.5 ಚದರ ಮಿ.ಮೀ. ವೈರನ್ನು ನೇರ ಬ್ಯಾಟರಿ ಮೈನಸ್ಸಿಗೆ ಎಳೆಯಿರಿ. ಬಿಗಿ ಮಾಡಿದ ಮೇಲೆ ವ್ಯಾಸಲೀನ್ ಸವರಿ.

ಸ್ವಿಚ್ಚು ಬದಲಿಸಿದರೂ ಮತ್ತೆ ಸುಡುತ್ತದೆ. ಹೈ ಬೀಮಿನಲ್ಲಿ ಎರಡು ಬಲ್ಬ್ ಸೇರಿ 10 ಆಂಪಿಯರ್ ಎಳೆಯುತ್ತವೆ, ಹಳೇ ಸ್ವಿಚ್ಚಿಗೆ ಅದು ಭಾರ. ರಿಲೇ ಹಾಕಿ (ಸ್ವಿಚ್ಚಿನ ಸಣ್ಣ ಕರೆಂಟಿನಿಂದ ಲೈಟಿನ ದೊಡ್ಡ ಕರೆಂಟ್ ಹಚ್ಚುವ ಪೆಟ್ಟಿಗೆ). ಅದರ ಪಿನ್ನುಗಳಲ್ಲಿ 30ಕ್ಕೆ ಬ್ಯಾಟರಿ ಪ್ಲಸ್, 87 ಲೈಟಿಗೆ, 86ಕ್ಕೆ ಸ್ವಿಚ್ಚಿನಿಂದ ಲೈಟಿಗೆ ಬರುತ್ತಿದ್ದ ಹಳೇ ವೈರು, 85 ಅರ್ತ್. 15 ಆಂಪಿಯರ್ ಫ್ಯೂಸ್ ಬ್ಯಾಟರಿ ಪಕ್ಕದಲ್ಲೇ ಇರಲಿ. ಹೈಗೊಂದು, ಲೋಗೊಂದು, ಒಟ್ಟು ಎರಡು ರಿಲೇ. ಕೆಲಸಕ್ಕೆ ಮುಂಚೆ ಮೈನಸ್ ಕಳಚಿಡಿ.

ಉತ್ತರ 3:
ಡೈನಮೋ ಇನ್ನೂ ಇರುವವರಿಗೆ ಒಂದು ಮಾತು. ಸ್ಲೋನಲ್ಲಿ ಲೈಟ್ ಮಂಕಾಗುವುದು ಅಲ್ಲಿ ಸಹಜ. ರೇಸ್ ಮಾಡಿದರೂ 13 ದಾಟದಿದ್ದರೆ, ಡೈನಮೋದ ಡಿ (ಔಟ್‌ಪುಟ್) ಮತ್ತು ಎಫ್ (ಫೀಲ್ಡ್) ಟರ್ಮಿನಲ್ ವೈರುಗಳನ್ನು ಕಳಚಿ, ಎರಡೂ ಟರ್ಮಿನಲ್ ಸೇರಿಸಿ, ಮೀಟರಿನ ಒಂದು ತುದಿ ಅಲ್ಲಿಗೆ, ಇನ್ನೊಂದು ಡೈನಮೋದ ಮೈಗೆ ಹಿಡಿದು ನಿಧಾನ ವೇಗ ಏರಿಸಿ. ವೋಲ್ಟೇಜ್ ಸರಾಗ ಏರಿದರೆ ಡೈನಮೋ ಸರಿ, ವೋಲ್ಟೇಜ್ ಹತೋಟಿಯಲ್ಲಿಡುವ ರೆಗ್ಯುಲೇಟರ್ ಪೆಟ್ಟಿಗೆ ನೋಡಿ. 20 ವೋಲ್ಟಿನ ಮೇಲೆ ಹೋಗಲು ಬಿಡಬೇಡಿ. 1 ವೋಲ್ಟಿನ ಹತ್ತಿರವೇ ನಿಂತರೆ ಫೀಲ್ಡ್ ಕಾಯಿಲ್ (ಒಳಗಿನ ಸ್ಥಿರ ಸುರುಳಿ), 4–5ಕ್ಕೆ ನಿಂತರೆ ಆರ್ಮೇಚರ್ (ತಿರುಗುವ ಸುರುಳಿ) ಕೆಟ್ಟಿರಬಹುದು. ಆದರೆ ಕಾರ್ಬನ್ ಬ್ರಷ್ ಸವೆದಿಲ್ಲ ಎಂದು ಮೊದಲೇ ನೋಡಿಕೊಂಡಿರಬೇಕು.