ನೊಟೇಶನ್ ಸಾಫ್ಟ್‌ವೇರ್‌ನಲ್ಲಿ ನನ್ನ ವಯಲಿನ್ ಯಾಕೆ ಹೀಗೆ ಕಿರುಚುತ್ತೆ? ಗೊತ್ತಿರೋರು ಹೇಳಿ

ಕೇಳಿದವರು, ಹಾಸನ

ಎಲ್ಲರಿಗೂ ನಮಸ್ಕಾರ. ಹಾಸನದ ಒಂದು ಚರ್ಚ್‌ನಲ್ಲಿ ಕ್ವೈರ್ ನೋಡಿಕೊಳ್ಳುತ್ತೇನೆ. ಹದಿನಾಲ್ಕು ಜನ ಹಾಡೋರು, ಅದರಲ್ಲಿ ಐದು ಗೆರೆಯ ಸ್ಟಾಫ್ ನೊಟೇಶನ್ ಓದೋಕೆ ಬರೋದು ಮೂರು ಜನಕ್ಕೆ. ಕಂಪ್ಯೂಟರ್‌ನಲ್ಲಿ ಬರೆದು, ಅದು ನುಡಿಸಿದ್ದನ್ನೇ ಉಳಿದವರಿಗೆ ಕೇಳಿಸೋಣ ಅಂತ ಮ್ಯೂಸ್‌ಸ್ಕೋರ್ 4 ಹಾಕಿಕೊಂಡೆ. ನಾಲ್ಕು ದನಿ (ಹೆಂಗಸರದು ಸೊಪ್ರಾನೋ, ಆಲ್ಟೋ, ಗಂಡಸರದು ಟೆನರ್, ಬೇಸ್), ಒಂದು ವಯಲಿನ್, ಒಂದು ಆರ್ಗನ್. ಬರೆಯೋದು ಹೇಗೋ ಬಂತು. ಆದರೆ ಸ್ಪೇಸ್ ಬಾರ್ ಒತ್ತಿದರೆ ವಯಲಿನ್ ಹಳೇ ಬಟನ್ ಫೋನಿನ ರಿಂಗ್‌ಟೋನ್ ಥರ ಕೇಳುತ್ತೆ. ಸಾಹಿತ್ಯ ಎಲ್ಲಾ ಕೆಳಗೆ ಟೈಪ್ ಮಾಡಿದ್ದೇನೆ, ಆದರೂ ಕ್ವೈರ್ ಬರೀ ‘ಆ’ ಅನ್ನುತ್ತೆ. ಟೆನರ್ ಅಂತೂ ಹೆಂಗಸರು ಹಾಡಿದ ಹಾಗಿದೆ. ನಡುನಡುವೆ ಒಗ್ಗರಣೆಗೆ ಸಾಸಿವೆ ಹಾಕಿದ ಹಾಗೆ ಚಟಚಟ ಸದ್ದು ಬೇರೆ. ಅಂಗಡಿಯವರು ಸೌಂಡ್ ಕಾರ್ಡ್ ಹಾಕಿಸಿ ಅಂತಾರೆ. ಲ್ಯಾಪ್‌ಟಾಪ್‌ನಲ್ಲಿ ಇರೋದೇ 4 ಜಿಬಿ ರ‍್ಯಾಮ್. ದುಡ್ಡು ಹಾಕೋ ಮುಂಚೆ ಕೇಳೋಣ ಅನ್ನಿಸಿತು.

ಸಕಲೇಶಪುರದಿಂದ

ಸೌಂಡ್ ಕಾರ್ಡ್ ತಗೋಬೇಡಿ ಸರ್. ನಾನು ತಗೊಂಡೆ. ಚಟಚಟ ಕಮ್ಮಿ ಆಯ್ತು, ರಿಂಗ್‌ಟೋನ್ ರಿಂಗ್‌ಟೋನಾಗೇ ಉಳೀತು.

ಚಿಕ್ಕಮಗಳೂರು, ಕೀಬೋರ್ಡ್ ಹೇಳಿಕೊಡುವವರು

ಸರ್, ನಿಮ್ಮದು ನಾಲ್ಕು ಬೇರೆ ಬೇರೆ ತೊಂದರೆ. ನಾನೂ ಎರಡು ವರ್ಷ ಎಲ್ಲಾ ಒಂದೇ ಅಂದುಕೊಂಡು ಒದ್ದಾಡಿದ್ದೇನೆ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡಿ.

ಮೊದಲು ವಯಲಿನ್. ನಮ್ಮ ಕೊಪ್ಪ, ಶೃಂಗೇರಿ ಕಡೆ ಯಕ್ಷಗಾನ ನೋಡಿದ್ದರೆ ಬೇಗ ತಿಳಿಯುತ್ತೆ. ಪ್ರಸಂಗ ಪುಸ್ತಕ ಅದೇ ಇರುತ್ತೆ, ರಾತ್ರಿ ಹೇಗೆ ಕಳೆಯುತ್ತೆ ಅನ್ನೋದು ಭಾಗವತರು ಯಾರು ಅನ್ನೋದರ ಮೇಲೆ. ನೀವು ಬರೆದ ಸ್ಕೋರ್, ಅಂದರೆ ಆ ನೊಟೇಶನ್ ಫೈಲ್, ಪ್ರಸಂಗ ಇದ್ದ ಹಾಗೆ. ಅದರೊಳಗೆ ಸದ್ದು ಅನ್ನೋದೇ ಇಲ್ಲ. ಯಾವ ಸ್ವರ, ಎಷ್ಟು ಜೋರು, ಯಾವಾಗ ಶುರು, ಯಾವಾಗ ನಿಲ್ಲಿಸಬೇಕು, ಇಷ್ಟೇ. ಜೋರು ಅನ್ನೋದೂ ಒಂದು ಅಂಕಿ, ಹೆಚ್ಚು ಅಂದರೆ 127. ಇದು 1983ರಲ್ಲಿ ಬಂದ ಮಿಡಿಯ ಲೆಕ್ಕ, ವಾದ್ಯ, ಕಂಪ್ಯೂಟರ್ ಒಂದಕ್ಕೊಂದು ಸ್ವರ ಹೇಳಿಕೊಳ್ಳೋ ಭಾಷೆ. ಒಂದು ಇಡೀ ಹಾಡಿನ ಮಿಡಿ ಫೈಲ್ ಕೆಲವೇ ಕೆಬಿ ಇರೋದು ಇದಕ್ಕೇ. ಆ ಚೀಟಿ ಓದಿ ದನಿ ಕೊಡೋದು ಬೇರೆಯವರು, ಅವರೇ ವರ್ಚುವಲ್ ಇನ್‌ಸ್ಟ್ರುಮೆಂಟ್.

ಭಾಗವತರು ಮೂರು ಥರ. ಒಂದು, ಸೌಂಡ್‌ಫಾಂಟ್. ನಿಜವಾದ ವಾದ್ಯದ ಸ್ವರಗಳನ್ನು ರೆಕಾರ್ಡ್ ಮಾಡಿ ಒಂದೇ ಫೈಲ್‌ನಲ್ಲಿ ಕಟ್ಟಿಟ್ಟಿರುತ್ತಾರೆ. ಮ್ಯೂಸ್‌ಸ್ಕೋರ್ ಜೊತೆಗೇ ಬರುವ ಎಂಎಸ್ ಬೇಸಿಕ್ ಇದೇ ಜಾತಿ. ಹಗುರ, ನಿಮ್ಮ 4 ಜಿಬಿಗೂ ಭಾರ ಆಗಲ್ಲ. ಪಿಯಾನೋ, ಆರ್ಗನ್ ಪರವಾಗಿಲ್ಲ, ಬಿಲ್ಲು ಎಳೆಯೋ ವಾದ್ಯ ಬಂದರೆ ಬಣ್ಣ ಬಯಲು. ಎರಡನೇದು ಮ್ಯೂಸ್ ಸೌಂಡ್ಸ್, 2022ರ ಡಿಸೆಂಬರ್‌ನಲ್ಲಿ ಮ್ಯೂಸ್‌ಸ್ಕೋರ್ 4 ಬಂದಾಗ ಜೊತೆಗೇ ಬಂತು. ಇದೂ ಪುಕ್ಕಟೆ, ಆದರೆ ಮ್ಯೂಸ್ ಹಬ್ ಅಂತ ಇನ್ನೊಂದು ಆ್ಯಪ್ ಹಾಕಿ ಅದರಿಂದ ಇಳಿಸಿಕೊಳ್ಳಬೇಕು. ನೀವು ಹಾಕಿದ ಸ್ಲರ್ (ಸ್ವರ ಸೇರಿಸಿ ನುಡಿಸೋದು), ಸ್ಟಕಾಟೊ (ಬಿಡಿಸಿ ನುಡಿಸೋದು), ನಿಧಾನವಾಗಿ ಜೋರು ಏರೋ ಕ್ರೆಶೆಂಡೊ, ಇದೆಲ್ಲ ಅದಕ್ಕೆ ಅರ್ಥ ಆಗುತ್ತೆ. ಗಾತ್ರ ಮಾತ್ರ ಜಿಬಿ ಲೆಕ್ಕ. ನಮ್ಮ ತೋಟದ ಮನೆ ನೆಟ್‌ವರ್ಕ್‌ನಲ್ಲಿ ರಾತ್ರಿ ಹಚ್ಚಿ ಮಲಗಿದರೆ ಬೆಳಿಗ್ಗೆ ಕರೆಂಟ್ ಹೋಗಿ ಅರ್ಧಕ್ಕೆ ನಿಂತಿತ್ತು, ಆಮೇಲೆ ಪೇಟೆಯಲ್ಲಿ ಅಕ್ಕನ ಮನೆಗೆ ಹೋಗಿ ಇಳಿಸಿದೆ. ಮೂರನೇದು ವಿಎಸ್‌ಟಿ, ಬೇರೆ ಬೇರೆ ಕಂಪನಿಗಳು ಮಾಡೋ ಪ್ಲಗಿನ್, ಅಂದರೆ ಒಳಗೆ ಸೇರಿಸಿಕೊಳ್ಳೋ ಚಿಕ್ಕ ಸಾಫ್ಟ್‌ವೇರ್. ಮ್ಯೂಸ್‌ಸ್ಕೋರ್ 4 ಒಪ್ಪೋದು ವಿಎಸ್‌ಟಿ 3 ಮಾತ್ರ. ಹಳೇ ವಿಎಸ್‌ಟಿ 2 ಒಂದನ್ನು ಹಾಕಿ, ಪಟ್ಟಿಯಲ್ಲಿ ಯಾಕೆ ಕಾಣ್ತಿಲ್ಲ ಅಂತ ಒಂದು ಭಾನುವಾರ ಪೂರ್ತಿ ಹುಡುಕಿದವಳು ನಾನೇ. ಶುರುವಿನಲ್ಲಿ ಆ ಕಡೆ ಹೋಗಲೇಬೇಡಿ.

ಈಗ ನಾನು ಬಿದ್ದ ಗುಂಡಿ ಹೇಳ್ತೀನಿ. ಮ್ಯೂಸ್ ಸೌಂಡ್ಸ್ ಇಳಿಸಿದೆ, ಹಳೇ ಸ್ಕೋರ್ ತೆಗೆದೆ, ಸ್ಪೇಸ್ ಬಾರ್ ಒತ್ತಿದೆ, ಮತ್ತೆ ಅದೇ ರಿಂಗ್‌ಟೋನ್! ಇಳಿಸಿದ್ದೇ ಸರಿಯಿಲ್ಲ ಅಂತ ಅಳಿಸಿ ಇನ್ನೊಂದು ಸಲ ಇಳಿಸಿದೆ. ಸ್ಕೋರ್ ಬರೆದಾಗ ಯಾವ ದನಿ ಇತ್ತೋ ಅದನ್ನೇ ಅದು ಹಿಡಿದುಕೊಂಡಿರುತ್ತೆ, ನಾವೇ ಹೇಳಿ ಬದಲಿಸಬೇಕು. ಎಫ್ 10 ಒತ್ತಿ, ಮಿಕ್ಸರ್ ತೆರೆಯುತ್ತೆ. ಒಂದೊಂದು ವಾದ್ಯಕ್ಕೂ ಒಂದೊಂದು ಉದ್ದ ಪಟ್ಟಿ ಇರುತ್ತೆ, ವಯಲಿನ್ ಪಟ್ಟಿಯಲ್ಲಿ ಸೌಂಡ್ ಅಂತ ಇರೋ ಕಡೆ ಎಂಎಸ್ ಬೇಸಿಕ್ ಅಂತ ಬರೆದಿರುತ್ತೆ. ಅದರ ಮೇಲೆ ಒತ್ತಿದರೆ ಮೂರೂ ಥರದ ಭಾಗವತರ ಪಟ್ಟಿ ಬಿಚ್ಚಿಕೊಳ್ಳುತ್ತೆ. ಅಲ್ಲಿ ಮ್ಯೂಸ್ ಸೌಂಡ್ಸ್‌ನ ವಯಲಿನ್ ಆರಿಸಿ. ನಿಮ್ಮ ಲ್ಯಾಪ್‌ಟಾಪ್‌ಗೆ ವಯಲಿನ್ ಒಂದಕ್ಕೆ ಮಾತ್ರ ಅದನ್ನು ಹಾಕಿ, ಆರ್ಗನ್, ಕ್ವೈರ್ ಎಲ್ಲಾ ಬೇಸಿಕ್‌ನಲ್ಲೇ ಇರಲಿ. ಎಲ್ಲದಕ್ಕೂ ಹಾಕಿದರೆ ಉಸಿರು ಕಟ್ಟುತ್ತೆ.

ಚಟಚಟ ಅನ್ನೋದು ಅದೇ ಉಸಿರು ಕಟ್ಟೋದು. ಸದ್ದು ತಯಾರಾಗೋ ಮುಂಚೆ ಸ್ಪೀಕರ್‌ಗೆ ಬೇಕಾಗಿಬಿಡುತ್ತೆ. ಆಡಿಯೋ ಸೆಟ್ಟಿಂಗ್‌ನಲ್ಲಿ ಬಫರ್ ಸೈಜ್, ಅಂದರೆ ಸದ್ದನ್ನು ಮೊದಲೇ ಕೂಡಿಟ್ಟುಕೊಳ್ಳೋ ಅಳತೆ, ಜಾಸ್ತಿ ಮಾಡಿ. 512 ಇದ್ದರೆ 1024 ಮಾಡಿ. ಸೆಕೆಂಡಿಗೆ 44,100 ಸ್ಯಾಂಪಲ್ (ಸದ್ದಿನ ಚೂರು) ಲೆಕ್ಕದಲ್ಲಿ 512 ಅಂದರೆ ಸುಮಾರು 12 ಮಿಲಿಸೆಕೆಂಡ್ ತಡ, 1024 ಅಂದರೆ 23. ಮೌಸ್‌ನಲ್ಲಿ ಬರೆಯೋರಿಗೆ ಆ ತಡ ಗೊತ್ತೇ ಆಗಲ್ಲ. ಮಿಡಿ ಕೀಬೋರ್ಡ್‌ನಲ್ಲಿ ನುಡಿಸಿ ಬರೆಸೋರಿಗೆ ಮಾತ್ರ ಬೆರಳು ಮುಂದೆ ಸದ್ದು ಹಿಂದೆ ಅನ್ನಿಸುತ್ತೆ. ಬ್ಲೂಟೂತ್ ಹೆಡ್‌ಫೋನ್ ಬೇರೆ ಸೇರಿಕೊಂಡರೆ ಕೇಳಲೇಬೇಡಿ. ಇನ್ನೊಂದು, ಎಂಪಿ3 ಮಾಡಿ ಹೊರಗೆ ತೆಗೆದಾಗ ಸಾಮಾನ್ಯವಾಗಿ ಈ ಚಟಚಟ ಬರಲ್ಲ, ಯಾಕಂದ್ರೆ ಆಗ ಅದು ಅವಸರ ಇಲ್ಲದೆ ತನ್ನ ಪಾಡಿಗೆ ಲೆಕ್ಕ ಹಾಕಿಕೊಳ್ಳುತ್ತೆ.

‘ಆ’ ವಿಷಯ: ಸಾಹಿತ್ಯ ಬರೀ ಕಣ್ಣಿಗೆ. ಆ ದನಿಗಳು ಪದ ಹಾಡಲ್ಲ, ಅದಕ್ಕೆ ಪರಿಹಾರ ಹುಡುಕಿ ಟೈಮ್ ಕಳೀಬೇಡಿ. ಟೆನರ್‌ಗೆ ನೀವು ಸಾಲಿನ ಶುರುವಿನಲ್ಲಿ ಮಾಮೂಲಿ ಟ್ರೆಬಲ್ ಕ್ಲೆಫ್ (ಯಾವ ಗೆರೆ ಯಾವ ಸ್ವರ ಅಂತ ಹೇಳೋ ಗುರುತು) ಹಾಕಿದ್ದೀರ ಅನ್ಸುತ್ತೆ, ಅದಕ್ಕೇ ಒಂದು ಸ್ಥಾಯಿ ಮೇಲೆ ಕೇಳುತ್ತೆ. ಕೆಳಗೆ ಚಿಕ್ಕ 8 ಇರೋ ಟ್ರೆಬಲ್ ಕ್ಲೆಫ್ ಅಂತ ಬೇರೆ ಇದೆ, ಅದನ್ನು ಎಳೆದು ಹಾಕಿ, ಗಂಡಸರು ವಾಪಸ್ ಬರ್ತಾರೆ.

ಹಾಸನ, ಬ್ಯಾಂಡ್ ಸೆಟ್‌ನವರು

ಮೇಡಂ ಹೇಳಿದ್ದು ಸರಿ, ಪೇಪರ್ ಬೇರೆ ಸದ್ದು ಬೇರೆ. ಇದರಲ್ಲೇ ನಾನು ಮದುವೆ ಮನೆಯಲ್ಲಿ ಮರ್ಯಾದೆ ಕಳಕೊಂಡೆ. ಕ್ಲಾರಿನೆಟ್, ಟ್ರಂಪೆಟ್, ಒಂದು ಕೀಬೋರ್ಡ್, ಇಷ್ಟಕ್ಕೆ ಬರೆದೆ. ಕಂಪ್ಯೂಟರ್‌ನಲ್ಲಿ ಜೇನು ಸುರಿದ ಹಾಗಿತ್ತು. ಪ್ರಿಂಟ್ ತೆಗೆದು ಹುಡುಗರಿಗೆ ಕೊಟ್ಟೆ, ರಿಹರ್ಸಲ್‌ಗೂ ಟೈಮ್ ಇರಲಿಲ್ಲ. ನುಡಿಸಿದರೆ ಊದೋರು ಎಲ್ಲಾ ಕೀಬೋರ್ಡ್‌ಗಿಂತ ಒಂದು ಟೋನ್ ಕೆಳಗೆ! ವರ ಬರ್ತಿದ್ದಾನೆ, ನಾವು ನಿಲ್ಲಿಸೋ ಹಾಗಿಲ್ಲ. ಆಗಿದ್ದು ಏನಂದ್ರೆ, ಆ ಎರಡೂ ಬಿ ಫ್ಲ್ಯಾಟ್ ವಾದ್ಯ, ಅವರು ಸಿ ಅಂತ ಓದಿ ಊದಿದರೆ ಬರೋದು ಬಿ ಫ್ಲ್ಯಾಟ್. ನಾನು ಕನ್ಸರ್ಟ್ ಪಿಚ್ ಬಟನ್ (ಊದೋರು ಓದಬೇಕಾದ ಸ್ವರದ ಬದಲು ಕೇಳೋ ಸ್ವರವನ್ನೇ ತೋರಿಸೋದು) ಆನ್ ಇಟ್ಟೇ ಪ್ರಿಂಟ್ ಕೊಟ್ಟಿದ್ದೆ. ಆ ಬಟನ್ ಆನ್ ಇರಲಿ ಆಫ್ ಇರಲಿ ಕಂಪ್ಯೂಟರ್ ಸರಿಯಾಗೇ ನುಡಿಸುತ್ತೆ, ತಪ್ಪು ಗೊತ್ತಾಗೋಕೆ ದಾರಿಯೇ ಇಲ್ಲ. ಊದೋರಿಗೆ ಪ್ರಿಂಟ್ ತೆಗೆಯೋ ಮುಂಚೆ ಅದನ್ನು ಆಫ್ ಮಾಡಿ.

ಅರಕಲಗೂಡು ಕಡೆಯವರು

ಕ್ವೈರ್‌ಗೆ ಸಂಬಂಧ ಇಲ್ಲ, ಆದರೂ ಹೇಳ್ತೀನಿ. ಕರ್ನಾಟಕ ಸಂಗೀತ ಹಾಕಿ ನೋಡೋ ಆಸೆ ಇದ್ದರೆ ಮನಸ್ಸು ಗಟ್ಟಿ ಮಾಡ್ಕೊಳ್ಳಿ. ಜನರಲ್ ಮಿಡಿ ಅಂತ 1991ರಲ್ಲಿ 128 ವಾದ್ಯಗಳ ಪಟ್ಟಿ ಮಾಡಿದರು, ಅದರಲ್ಲಿ 105ನೇದು ಸಿತಾರ್, 112ನೇದು ಶಹನಾಯಿ. ವೀಣೆ ಇಲ್ಲ, ಮೃದಂಗ ಇಲ್ಲ. ನಾನು ಮಾಯಾಮಾಳವಗೌಳದಲ್ಲಿ ಸರಳೆ ವರಸೆ ಬರೆದು ಸಿತಾರ್‌ನಲ್ಲಿ ನುಡಿಸಿದೆ. ಸ್ವರಸ್ಥಾನ ಎಲ್ಲಾ ಸರಿ, ಮಗಳಿಗೆ ಪಾಠಕ್ಕೆ ಉಪಯೋಗಕ್ಕೂ ಬಂತು. ಧೈರ್ಯ ಬಂದು ತೋಡಿ ರಾಗ ಬರೆದೆ ನೋಡಿ, ಬಾಗಿಲು ತಟ್ಟಿದ ಹಾಗೆ ಟಕ್ ಟಕ್ ಅಂತ ಒಂದೊಂದೇ ಸ್ವರ, ಗಮಕದ ಸುಳಿವೇ ಇಲ್ಲ. ಸ್ವರವನ್ನು ಮೇಲೆ ಕೆಳಗೆ ಜಾರಿಸೋ ಪಿಚ್ ಬೆಂಡ್ ಹಾಕಿ ಒಂದು ಗಾಂಧಾರ ಅಲ್ಲಾಡಿಸೋಕೆ ಅರ್ಧ ಗಂಟೆ ಹಿಡೀತು. ಸಂಗೀತಗಾರರ ಊರು ರುದ್ರಪಟ್ಟಣ ಇರೋ ತಾಲೂಕಿನವರು ನಾವು, ಆ ಫೈಲ್ ಯಾರಿಗೂ ಕಳಿಸಿಲ್ಲ.

ಕೇಳಿದವರು, ಹಾಸನ

ಎಲ್ಲರಿಗೂ ಥ್ಯಾಂಕ್ಸ್. ಟೆನರ್ ಕ್ಲೆಫ್‌ದೇ ತೊಂದರೆ, ಎರಡು ನಿಮಿಷದಲ್ಲಿ ಸರಿ ಹೋಯ್ತು. ಬಫರ್ 1024 ಮಾಡಿದೆ, ಸಾಸಿವೆ ನಿಂತಿದೆ. ವಯಲಿನ್ ಒಂದಕ್ಕೆ ಮಾತ್ರ ಮ್ಯೂಸ್ ಸೌಂಡ್ಸ್ ಹಾಕಿದ್ದೇನೆ, ಸ್ಕೋರ್ ತೆರೆಯೋಕೆ ಸ್ವಲ್ಪ ಜಾಸ್ತಿ ಹೊತ್ತು ತಗೊಳ್ಳುತ್ತೆ, ಆ ಹೊತ್ತಲ್ಲಿ ಕಾಫಿ ಕುಡಿದು ಬರ್ತೀನಿ. ಮೇಡಂ, ನಾಲ್ಕು ದನಿಗೂ ಬೇರೆ ಬೇರೆ ಫೈಲ್ ಕಳಿಸೋದು ಹೇಗೆ? ಆಲ್ಟೋದವರು ಯಾವಾಗಲೂ ಸೊಪ್ರಾನೋ ಹಿಂದೆ ಹೋಗಿಬಿಡ್ತಾರೆ.

ಚಿಕ್ಕಮಗಳೂರು, ಕೀಬೋರ್ಡ್ ಹೇಳಿಕೊಡುವವರು

ಅದೇ ಮಿಕ್ಸರ್ ಸರ್. ಆಲ್ಟೋ ಕಡ್ಡಿ ಮೇಲೆ ಎಳೆದು ಉಳಿದದ್ದನ್ನು ಅರ್ಧಕ್ಕೆ ಇಳಿಸಿ ಎಂಪಿ3 ತೆಗೆಯಿರಿ, ಪೂರ್ತಿ ಮ್ಯೂಟ್ ಮಾಡಬೇಡಿ, ಪಕ್ಕದವರ ದನಿ ಕೇಳಿಸ್ಕೊಂಡೇ ತಮ್ಮದನ್ನು ಹಿಡಿದು ಹಾಡೋದು ಅಭ್ಯಾಸ ಆಗಬೇಕಲ್ವಾ. ಹೀಗೇ ನಾಲ್ಕು ಸಲ. ನನ್ನ ಮಕ್ಕಳಿಗೆ ವಾಟ್ಸ್‌ಆ್ಯಪ್‌ನಲ್ಲಿ ಹೀಗೇ ಕಳಿಸೋದು. ‘ಆ’ ಬದಲು ಪಿಯಾನೋ ದನಿ ಹಾಕಿ ಕೊಟ್ಟರೆ ಸ್ವರ ಇನ್ನೂ ಬೇಗ ಹಿಡೀತಾರೆ.