ಪದಚರ್ಚೆ: ಹೊಟ್ಟೆಯೊಳಗೆ ಇರುವಾಗಲೂ ಅದು ‘ಕಸ’ವೇ?

ಎಲ್ಲರಿಗೂ ನಮಸ್ಕಾರ.

ತಂಗಿಯ ಮಗಳು ಈಗ ಏಳು ತಿಂಗಳ ಬಸುರಿ. ಬಿಪಿ ಸ್ವಲ್ಪ ಜಾಸ್ತಿ ಬಂತು ಅಂತ ಡಾಕ್ಟರು ಒಂದು ರಕ್ತ ಪರೀಕ್ಷೆ ಬರೆದುಕೊಟ್ಟರು. ರಿಪೋರ್ಟ್ ಬಂದ ದಿನ ಅವಳ ಅತ್ತೆ ಫೋನ್ ಮಾಡಿ, “ಅಣ್ಣಾ, ಇದ್ರಲ್ಲಿ ಏನು ನೋಡಿದಾರಂತೆ?” ಅಂದರು. ಪ್ಲಸೆಂಟಾ ಅಂದೆ, ತಿಳಿಯಲಿಲ್ಲ. ಜರಾಯು ಅಂದೆ, ಅದೂ ತಿಳಿಯಲಿಲ್ಲ. ಹೆರಿಗೆ ಆದಮೇಲೆ ಕಸ ಬೀಳುತ್ತಲ್ಲ, ಅದು ಅಂದೆ. “ಅಯ್ಯೋ, ಮಗು ಇನ್ನೂ ಒಳಗೇ ಇದೆ, ಕಸ ಯಾಕೆ ನೋಡ್ತಾರೆ?”

ನನ್ನ ಪ್ರಶ್ನೆಯೂ ಅದೇ. ಕಸ, ಮಾಸು, ದನಕ್ಕಾದರೆ ಸತ್ತೆ. ಮೂರಕ್ಕೂ ಜೊತೆಯ ಕ್ರಿಯಾಪದ ‘ಬೀಳು’. ಕರು ಹಾಕಿದ ಮೇಲೆ ಸತ್ತೆಯನ್ನು ಹುಲ್ಲಲ್ಲಿ ಸುತ್ತಿ ಆಲದ ಮರಕ್ಕೆ ಕಟ್ಟುತ್ತಿದ್ದದ್ದು ನಿಮಗೂ ನೆನಪಿರಬಹುದು. ಎಲ್ಲವೂ ಕೆಲಸ ಮುಗಿದ ಮೇಲಿನ ಹೆಸರುಗಳು. ಅಷ್ಟು ತಿಂಗಳು ಮಗುವಿಗೆ ಉಣಿಸಿದಾಗ ಅದರ ಹೆಸರೇನು? ಪಠ್ಯಪುಸ್ತಕದ ‘ಜರಾಯು’ ಮನೆಯೊಳಗೆ ಬಂದೇ ಇಲ್ಲ. ಲ್ಯಾಟಿನ್ನಿನ ಪ್ಲಸೆಂಟಾ ಅಂದರೆ ಚಪ್ಪಟೆ ಕೇಕು, ಅಷ್ಟೇ. ಜರ್ಮನ್ನರು ‘ತಾಯಿಕೇಕು’ ಅನ್ನುತ್ತಾರೆ.

ತಮಿಳರದ್ದು ‘ನಂಜುಕೊಡಿ’, ನಂಜಿನ ಬಳ್ಳಿ. ಇದು ನನ್ನನ್ನು ಹಿಡಿದು ನಿಲ್ಲಿಸಿತು. ಆ ಪರೀಕ್ಷೆ ಅಳೆಯುವುದು ಎರಡು ಪ್ರೋಟೀನುಗಳನ್ನು. ಪಿಎಲ್‌ಜಿಎಫ್ ರಕ್ತನಾಳ ಬೆಳೆಸುತ್ತದೆ. ಎಸ್‌ಫ್ಲಿಟ್-1 ಅದನ್ನು ಹಿಡಿದು ಕಟ್ಟಿಹಾಕುತ್ತದೆ. ಪ್ಲಸೆಂಟಾಕ್ಕೆ ರಕ್ತ ಸರಿಯಾಗಿ ಹರಿಯದಿದ್ದರೆ ಈ ಎರಡನೆಯದು ತಾಯಿಯ ಮೈಗೆ ಜಾಸ್ತಿ ಸೇರುತ್ತದೆ, ಬಿಪಿ ಏರುತ್ತದೆ. ಈ ಕಾಯಿಲೆಯೇ ಪ್ರಿಎಕ್ಲಾಂಪ್ಸಿಯಾ. 2003ರಲ್ಲಿ ಬಾಸ್ಟನ್ನಿನಲ್ಲಿ ಸಂಶೋಧಕ ಅನಂತ ಕರುಮಂಚಿ ಅವರ ತಂಡ ಇದನ್ನು ತೋರಿಸಿತು. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ 38 ಅಥವಾ ಕಡಿಮೆ ಬರಬೇಕು. ಆಗ ಮುಂದಿನ ಒಂದು ವಾರ ಭಯ ಬಹಳ ಕಡಿಮೆ. ಇವಳದು 6. ಆ ಕಾಯಿಲೆಗೆ ನಾವು ‘ಗರ್ಭನಂಜು’ ಅನ್ನುವುದೂ ಉಂಟು. ಕಾಕತಾಳೀಯವೇ ಇರಬಹುದು, ಆದರೂ ನಂಜು ಎಲ್ಲಿಂದ ಬರುತ್ತದೆ ಅನ್ನುವುದು ಆ ತಮಿಳು ಪದದಲ್ಲಿ ಕೂತಂತಿದೆ, ಅಲ್ವಾ?

ಇನ್ನು ಬಯೋಮಾರ್ಕರ್, ಅಂದರೆ ಒಳಗಿನ ಸ್ಥಿತಿ ತಿಳಿಸುವ ಇಂಥ ಪ್ರೋಟೀನುಗಳಿಗೆ ಇರುವ ಹೆಸರು. ‘ಜೈವಿಕ ಸೂಚಕ’ ಸರಕಾರಿ ಫೈಲಿನ ಮಾತು. ‘ರಕ್ತದ ಗುರುತು’ ಅಂದರೆ ಪೊಲೀಸರ ಮಹಜರು. ನನಗೆ ‘ಸುಳಿವು’ ಹಿಡಿಸಿದೆ. ಒಳಗಿನದನ್ನು ಕಾಣದೆ, ರಕ್ತದಲ್ಲಿ ಅದರ ಸುಳಿವು ಹಿಡಿಯುವುದೇ ತಾನೇ ಇಲ್ಲಿನ ಕೆಲಸ.

ಪ್ಲಸೆಂಟಾಕ್ಕೆ ‘ಮಾಸು’ ಅಂತಲೇ ಬರೆಯೋಣ ಅಂದುಕೊಂಡಿದ್ದೆ. ಮಾಸಿದ ಬಟ್ಟೆ ನೆನಪಾದರೂ ಚಿಂತೆಯಿಲ್ಲ. ಆದರೆ ಆ ಅತ್ತೆಗೆ ಎಲ್ಲ ಬಿಡಿಸಿ ಹೇಳಿದ ಮೇಲೆ ಅವರು, “ಹಂಗಾದ್ರೆ ಮಗೀನ ಬೇರು ಅನ್ನಿ” ಅಂದರು. ಹೊಕ್ಕುಳಬಳ್ಳಿ ಇದ್ದಮೇಲೆ ಅದಕ್ಕೊಂದು ಬೇರು ಬೇಡವೇ?

ನಿಮ್ಮ ಕಡೆ ಸೂಲಗಿತ್ತಿಯರು, ಅಜ್ಜಿಯರು ಅದು ಬೀಳುವ ಮೊದಲು ಏನನ್ನುತ್ತಿದ್ದರು? ಊರಿನ ಹೆಸರಿನ ಜೊತೆ ಬರೆಯಿರಿ. ‘ಬೀಳು’ ಬಿಟ್ಟು ‘ಇದೆ’, ‘ಕೂತಿದೆ’ ಅಂತ ಬಳಸಿದ್ದು ಕೇಳಿದ್ದರಂತೂ ಆ ಇಡೀ ವಾಕ್ಯವನ್ನೇ ಕಳಿಸಿ.