ಸ್ವಂತ ಕೋಳಿ ಫಾರಂ ಕಟ್ಟಿದವರ ದಿನ ಹೇಗಿರುತ್ತದೆ?

ಪ್ರಶ್ನೆ: ಸ್ವಲ್ಪ ದುಡ್ಡಲ್ಲೇ ಶುರು ಮಾಡಿ ಮೇಲೆ ಬಂದವರ ಕಥೆ ತುಂಬಾ ಕೇಳುತ್ತೇವೆ. ನಿಜವಾದ ಕಷ್ಟ ಎಲ್ಲಿದೆ? ಬ್ರಾಯ್ಲರ್ ಒಳ್ಳೆಯದಾ, ಮೊಟ್ಟೆ ಕೋಳಿನಾ?

ಉತ್ತರ 1: ಮೊದಲ ವಾರ ನಿದ್ದೆ ಮರೆತುಬಿಡಿ. ಮರಿಗಳಿಗೆ ಸುಮಾರು 33 ಡಿಗ್ರಿ ಶಾಖ ಬೇಕು, ರಾತ್ರಿ ಕರೆಂಟ್ ಹೋಗಿ ಚಳಿಯಾದರೆ ಒಂದರ ಮೇಲೊಂದು ಬಿದ್ದು ಉಸಿರುಗಟ್ಟಿ ಸಾಯುತ್ತವೆ. ಮಾಲೀಕ ಶೆಡ್ ಪಕ್ಕದಲ್ಲೇ ಮಲಗುವುದು ಸುಮ್ನೆ ಅಲ್ಲ.

ಉತ್ತರ 2: ಬ್ರಾಯ್ಲರ್ ಸುಮಾರು ಆರು ವಾರಕ್ಕೆ ಮಾರಾಟಕ್ಕೆ ಬರುತ್ತದೆ. ಮೊಟ್ಟೆ ಕೋಳಿಯಾದರೆ 18-20 ವಾರ ಬರೀ ಫೀಡ್ ಹಾಕುತ್ತಾ ಕಾಯಬೇಕು, ಖರ್ಚಿನಲ್ಲಿ ಅರ್ಧಕ್ಕಿಂತ ಜಾಸ್ತಿ ಫೀಡ್‌ಗೇ ಹೋಗುತ್ತದೆ ಅಲ್ವಾ. ಕೈಯಲ್ಲಿ ದುಡ್ಡು ಕಮ್ಮಿ ಇದ್ದರೆ ಬ್ರಾಯ್ಲರೇ ವಾಸಿ.

ಉತ್ತರ 3: ಲಸಿಕೆ ಮಾತ್ರ ತಪ್ಪಿಸಬೇಡಿ. ಕೋಳಿಗಳಲ್ಲಿ ಬೇಗ ಹರಡುವ ರಾಣಿಖೇತ್ ಅನ್ನೋ ವೈರಸ್ ರೋಗ ಬಂದರೆ ಶೆಡ್ಡೇ ಖಾಲಿ. ಅಂದಹಾಗೆ, ಇನ್ನೊಂದು ಬ್ಯಾಚ್‌ಗೆ ಆಗುವಷ್ಟು ದುಡ್ಡು ಪಕ್ಕಕ್ಕಿಟ್ಟಿದ್ದೀರಾ?